ಶ್ರೇಣಿಕನ ಹೆಸರಿಗಿದ್ದ ಬಗ್

ಆ ಭಾನುವಾರ ಕರೋಶಿಯ ವಾಚನಾಲಯಕ್ಕೆ ಬಂದ ತೃಪ್ತಿ, ಶ್ರೇಣಿಕನ ಕಡೆ ನೋಡದೆ ಅಮೋಲನ ಪಕ್ಕದಲ್ಲಿ ಹೋಗಿ ಕೂತಳು. ಅವಳಿಗೆಂದು ಶ್ರೇಣಿಕ ಒರೆಸಿಟ್ಟಿದ್ದ ಕುರ್ಚಿ ಖಾಲಿ ಉಳಿಯಿತು.

ಕುರಿಗಳಿಗೆ ಲಸಿಕೆ ಹಾಕಿಸುವ ದಿನವನ್ನು ಬಾಯಿಬಿಟ್ಟು ಹೇಳುವ ಆ್ಯಪ್ ಆ ಮೂವರದು. ಮುಕ್ತ ತಂತ್ರಾಂಶ, ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು. ನಿಪ್ಪಾಣಿಯ ಅಮೋಲ ಅದಕ್ಕೆ ಮರಾಠಿ ಕಲಿಸಿದ್ದ. ರಾಯಬಾಗದ ತೃಪ್ತಿ ಕುರಿಹಟ್ಟಿಗಳಿಗೆ ಹೋಗಿ ಬಳಸುವುದನ್ನು ಹೇಳಿಕೊಟ್ಟು, ಜನರ ದೂರುಗಳನ್ನು ಹೊತ್ತು ತರುತ್ತಿದ್ದಳು; ತಿದ್ದಿದ್ದನ್ನು ಓದಿ ಒಪ್ಪುವುದೂ ಅವಳ ಕೆಲಸವೇ. ಬೋರಗಾಂವದ ಶ್ರೇಣಿಕ ಕೋಡ್ ಬರೆಯುತ್ತಿದ್ದ. ಡಿಗ್ರಿ ಮುಗಿಸಿ ಮನೆಯ ಪವರ್‌ಲೂಮ್ ನೋಡಿಕೊಂಡಿದ್ದ ಅವನಿಗೆ ಮಗ್ಗದ ಸದ್ದಿನ ನಡುವೆ ಮಾತಾಡದಿರುವುದೇ ರೂಢಿಯಾಗಿತ್ತು.

ಬೇಸಿಗೆಯಲ್ಲಿ ತೃಪ್ತಿ ಒಂದು ಬಗ್, ಆ್ಯಪಿನೊಳಗಿನ ದೋಷ, ತಂದಳು. ಆ್ಯಪ್ ವಾರದ ಹೆಸರನ್ನು ಎರಡೆರಡು ಸಲ ಹೇಳುತ್ತಿತ್ತು. ಹೇಳಿದ್ದನ್ನ ಹೇಳತೈತಿ, ಥೇಟ್ ನಮ್ಮತ್ತಿನ ಐತಿದು ಎಂದು ಕುರಿ ಕಾಯುವ ಹೊಳೆವ್ವ ನಕ್ಕಿದ್ದಳಂತೆ. ಶ್ರೇಣಿಕ ಅದನ್ನು ತಿದ್ದುವ ಕೆಲಸವನ್ನು ತನ್ನ ಹೆಸರಿಗೆ ಹಾಕಿಕೊಂಡ. ಒಬ್ಬರು ಕೈಗೆತ್ತಿಕೊಂಡದ್ದನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಅದು ಅವರ ನಡುವಿನ ಮರ್ಯಾದೆ.

ಅಂದಿನಿಂದ ಪ್ರತಿ ಭಾನುವಾರ ತೃಪ್ತಿ ಅವನ ಪಕ್ಕ ಕೂತು, ಆತೇನ್ರಿ ಎಂದು ಕೇಳುವಳು. ಕೇಳುವಾಗ ಅವಳ ಎಡಹುಬ್ಬು ತುಸು ಮೇಲೇರುತ್ತಿತ್ತು. ಅವನು ಓರೆಗಣ್ಣಲ್ಲಿ ಅದನ್ನು ನೋಡಿ, ಇನ್ನ ನೋಡಾಕತ್ತೇನ್ರಿ ಎನ್ನುವನು. ಹುಬ್ಬು ಇಳಿಯುವವರೆಗಿನ ಆ ಗಳಿಗೆ ಅವನಿಗೆ ವಾರವಿಡೀ ಸಾಲುತ್ತಿತ್ತು.

ಬಗ್ ತಿದ್ದಿ ಆಗಿತ್ತು. ಮೊದಲ ದಿನವೇ ತಿದ್ದಿ, ಯಾರಿಗೂ ಕಳಿಸದೆ ತನ್ನ ಬಳಿ ಇಟ್ಟುಕೊಂಡಿದ್ದ.

ಈಗ ತೃಪ್ತಿ ಸಿಟ್ಟಿಲ್ಲದ ದನಿಯಲ್ಲಿ ಹೇಳುತ್ತಿದ್ದಳು: ಹೊಸ ಆವೃತ್ತಿ ಈ ವಾರ ಹಟ್ಟಿಗಳಿಗೆ ಹೋಗಬೇಕು, ಮನಸ್ಸಿಲ್ಲದವರನ್ನು ಎಳೆದಾಡುವುದು ಬೇಡ, ಶ್ರೇಣಿಕರ ಕೆಲಸ ಅಮೋಲ ಮಾಡಲಿ. ಇನ್ನು ಮುಂದೆ ತಾನು ಕಾಗವಾಡದ ಕಡೆ ತಿರುಗುತ್ತೇನೆ, ಭಾನುವಾರ ಇಲ್ಲಿಗೆ ಬರುವುದಿಲ್ಲ.

ಎಲ್ಲಿಯವರೆಗೆ ಆಗಿದೆ, ಮೊದಲಿಂದ ಶುರು ಮಾಡಲೇ ಎಂದು ಅಮೋಲ ಶ್ರೇಣಿಕನನ್ನು ಕೇಳಿದ. ಹೂಂ ಅಂದರೆ ಸಾಕಿತ್ತು. ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಅವಳು ಹೋಗಿಬಿಡುತ್ತಿದ್ದಳು.

"ಮುಗದೈತಿ," ಎಂದ ಶ್ರೇಣಿಕ.

"ಯಾವಾಗ?" ತೃಪ್ತಿ ತಿರುಗಿದಳು.

"ನೀವ್ ತಂದ ದಿನಾನ."

ಅಮೋಲ ಇಬ್ಬರನ್ನೂ ನೋಡಿದ. ಚಹಾ ತರುವ ನೆಪ ಹೇಳಿ ಎದ್ದು ಹೋದ.

"ಹೋದಾಗೊಮ್ಮೆ ಹೊಳೆವ್ವ ಕೇಳತಾಳ. ಆ ಹುಡುಗ ಭಾಳ ತ್ರಾಸ ತಗೊಂಡ ಮಾಡಾಕತ್ತಾನಬೇ ಅಂತ ಹೇಳಕೋತ ಬಂದೇನಿ. ಯಾಕ ಮುಚ್ಚಿಟ್ರಿ?"

"ಮುಗದೈತಿ ಅಂದಿದ್ರ, ನೀವ್ ನನ್ನ ಹತ್ರ ಏನ್ ಕೇಳಾಕ ಬರ್ತಿದ್ರಿ?"

ಹೇಳಿದ ಮೇಲೆ ಅವನ ಎದೆ ಹಗುರಾಯಿತು; ಅವಳು ಇನ್ನು ಬೈದರೂ ಸರಿ. ಹೊಳೆವ್ವನ ಹಟ್ಟಿಗೆ ತಾನೇ ಬಂದು ತಪ್ಪಾತು ಅನ್ನುತ್ತೇನೆ ಎಂದೂ ಹೇಳಿದ.

ತೃಪ್ತಿ ಸಿಟ್ಟು ಹಿಡಿದಿಡಲು ನೋಡಿದಳು, ತುಟಿ ಕೇಳದೆ ಅರಳಿತು. ತನ್ನನ್ನು ಕಂಡರೆ ಆಗದೆ ಈತ ಹೀಗೆ ಸತಾಯಿಸುತ್ತಾನೆ ಎಂದುಕೊಂಡು ಎಷ್ಟೋ ಸಲ ಬಸ್ಸಿನಲ್ಲಿ ಮುಖ ಬಾಡಿಸಿಕೊಂಡು ಮರಳಿದ್ದಳು. ಕಾಗವಾಡ ಆರಿಸಿಕೊಂಡದ್ದೂ ಅದಕ್ಕೇ. ಅದನ್ನೆಲ್ಲ ಮೆಲ್ಲಗೆ ಹೇಳುತ್ತಾ ಬಂದು ಅವನ ಪಕ್ಕದ ಕುರ್ಚಿಯಲ್ಲಿ ಕೂತಳು.

ಮೊದಲು ತಿದ್ದಿದ್ದನ್ನು ಕಳಿಸಿ ಎಂದಳು. ಅವನು ಕಳಿಸಿದ. ಅವಳು ಸಾಲು ಸಾಲಾಗಿ ಓದಿ, ಆ್ಯಪ್ ಓಡಿಸಿ, ಒಪ್ಪಿದಳು. ಬಗ್‌ನ ಲೆಕ್ಕ ಮುಚ್ಚಿತು. ಇನ್ನು ಕೇಳುವಂಥದ್ದು ಏನೂ ಇರಲಿಲ್ಲ. ಅವಳು ಏಳಲಿಲ್ಲ.

"ನಿಮ್ಮ ಮನ್ಯಾಗ ಯಾರ್ಯಾರ ಅದೀರಿ?"

ಈ ಕಡೆ ಯಾವ ಹುಡುಗಿಯೂ ಆ ಮಾತನ್ನು ಸುಮ್ಮನೆ ಕೇಳುವುದಿಲ್ಲ. ಶ್ರೇಣಿಕ ಲ್ಯಾಪ್‌ಟಾಪ್ ಮುಚ್ಚಿ, ಅಜ್ಜಿ ಕಮಲಾಬಾಯಿಯಿಂದ ಶುರು ಮಾಡಿದ. ಅಜ್ಜಿಯ ಹಟ, ಅವ್ವನ ನಗು, ತಂಗಿಯ ಜಗಳ, ಯಾವುದನ್ನೂ ಬಿಡಲಿಲ್ಲ.

ಚಹಾ ತಂದ ಅಮೋಲ ಹೊಸ್ತಿಲಲ್ಲೇ ನಿಂತ. ಒಳಗೆ ಇಷ್ಟೊಂದು ಮಾತಾಡುತ್ತಿರುವವರು ಯಾರು ಎಂದು ಅವನಿಗೆ ಕ್ಷಣ ತಿಳಿಯಲಿಲ್ಲ.