ಬಿಳಿ ಸೇವಂತಿಗೆಯ ಹಾರ

"ಅದು ನನ್ನ ಚಹಾ!"

ಸಮೀಕ್ಷಾ ಕೂಗುವಷ್ಟರಲ್ಲಿ ಕೆಲಸ ಕೆಟ್ಟಾಗಿತ್ತು. ತಡವಾಗಿ ಬಂದು, ಯಾರನ್ನೂ ಕೇಳದೆ ಮುಂದಿನ ಕುರ್ಚಿಯಲ್ಲೇ ಕುಳಿತ ಆ ಉದ್ದನೆಯ ಮನುಷ್ಯ ತನ್ನ ಬ್ರಶ್ಶನ್ನು ಅವಳ ಚಹಾದ ಬಟ್ಟಲಿಗೆ ಅದ್ದಿ, ಗರಗರನೆ ತಿರುಗಿಸಿ, ಅಂಚಿಗೆ ಬಡಿದು ನೀರು ಇಳಿಸಿಯೂ ಆಗಿತ್ತು.

ಅವನು ಬಟ್ಟಲು ನೋಡಿದ. ಅವಳನ್ನು ನೋಡಿದ. ಮತ್ತೆ ಬಟ್ಟಲು ನೋಡಿದ.

"ಇದು ಚಾ ಏನ್ರಿ? ನಾ ಯಾರೋ ಬ್ರಶ್ ತೊಳದಿಟ್ಟ ನೀರು ಅಂತ ತಿಳಕೊಂಡೆ."

ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಸಮೀಕ್ಷಾಳಿಗೆ ಮಾತ್ರ ಮೈಯೆಲ್ಲ ಉರಿಯಿತು. ಹುರಿದ ಎಲೆಯ ಜಪಾನಿ ಚಹಾ ಅದು, ಕಂದು ಬಣ್ಣವೇ ಅದರ ಚೆಂದ ಎಂದು ಆಗಷ್ಟೇ ಕಾಲು ಗಂಟೆ ಭಾಷಣ ಮಾಡಿದ್ದಳು. ಆದರೂ ಅವನು ತಲೆ ತಗ್ಗಿಸಿ "ತಪ್ಪಾತ್ರಿ" ಎಂದಾಗ, ಆ ದನಿಯಲ್ಲಿ ಕಪಟವೆಂಬುದು ಇಲ್ಲವೇ ಇಲ್ಲ ಅನ್ನಿಸಿ, ಬೈಯಲು ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

ಅವನ ಹೆಸರು ಅಭಿನವ. ಊರು ಗದಗ. ಅಬುಧಾಬಿಯಲ್ಲಿ ಎಂಜಿನಿಯರ್, ವಾಸ ಖಲೀಫಾ ಸಿಟಿಯಲ್ಲಿ. ಕಂಪನಿಯವರು ತರಬೇತಿಗೆಂದು ಜಪಾನಿನ ಒಸಾಕಾಕ್ಕೆ ಕಳಿಸುತ್ತಾರಂತೆ, ಅದಕ್ಕೇ ಈ ಕ್ಲಾಸು.

ಕ್ಲಾಸಿನ ಕಥೆಯನ್ನೂ ಹೇಳಿಬಿಡಬೇಕು. ದುಬೈಯ ಕರಾಮದಲ್ಲಿ ಪುರಂದರಣ್ಣನ ಟ್ರಾವೆಲ್ ಏಜೆನ್ಸಿ ಇದೆ. ಸಮೀಕ್ಷಾ ಅಲ್ಲಿ ಟಿಕೆಟ್ ಕೌಂಟರಿನ ಹುಡುಗಿ, ಉಡುಪಿಯ ಕಡೆಯವಳು. ಜಪಾನಿಗೆ ಹೊರಟ ಪ್ರವಾಸಿಗಳಿಗೆ ಶುಕ್ರವಾರ ಬೆಳಿಗ್ಗೆ ಮೇಲಿನ ಕೋಣೆಯಲ್ಲಿ ಅವಳದೇ ಒಂದು 'ಪೇಂಟ್ ಆಂಡ್ ಸಿಪ್' ಕ್ಲಾಸು. ಬ್ರಶ್ ಹಿಡಿದು ಗೊತ್ತಿಲ್ಲದವರೂ ಬರಬಹುದು. ಆ ದೇಶದ ಒಂದು ಋತುವಿನ ಹೂವನ್ನು ಬಿಡಿಸುವುದು, ಆ ಋತುವಿನ ಚಹಾ ಗುಟುಕರಿಸುವುದು. 'ಸಿಪ್' ಅಂದರೆ ಬೇರೇನೋ ಸಿಕ್ಕೀತು ಎಂದು ಬಂದ ಒಬ್ಬಿಬ್ಬರು ಗಂಡಸರು ಹಸಿರು ಚಹಾ ಕುಡಿದು ಇಂಗು ತಿಂದ ಮಂಗನ ಹಾಗೆ ಹಿಂದಿರುಗಿದ್ದೂ ಉಂಟು.

ಸಮೀಕ್ಷಾ ಜಪಾನನ್ನು ಕಣ್ಣಿಂದ ನೋಡಿದವಳಲ್ಲ. ಪುಸ್ತಕ, ವಿಡಿಯೊ, ಮತ್ತು ಹಟ. ಅವಳ ಬಂಡವಾಳ ಇಷ್ಟೇ. ದುಬೈಯಲ್ಲಿ ಇರುವುದೇ ಎರಡು ಕಾಲ, ಸೆಕೆ ಮತ್ತು ಕಡು ಸೆಕೆ, ಇಲ್ಲಿ ಕೂತು ನೀನು ನಾಲ್ಕು ಋತು ಕಲಿಸುತ್ತೀಯಾ ಎಂದು ಅವಳ ರೂಮಿನ ಜೊತೆಗಾತಿ ಶರ್ಮಿಳಾ ಕಾಲೆಳೆಯುತ್ತಿದ್ದಳು. ಕಲಿಸಿಯೇ ತೋರಿಸುತ್ತೇನೆ ಎಂದು ಸಮೀಕ್ಷಾ ಹಲ್ಲು ಕಚ್ಚಿ ನಿಂತಿದ್ದಳು.

ಪುರಂದರಣ್ಣ ಒಂದು ಮಾತು ಕೊಟ್ಟಿದ್ದರು. ಅಕ್ಟೋಬರಿನಲ್ಲಿ ಟೋಕಿಯೊದ ಪ್ರವಾಸ ಕಂಪನಿಯಿಂದ ಹಯಾಶಿ ಎಂಬ ಹಿರಿಯ ಹೆಂಗಸು ಬಂದು ಕ್ಲಾಸು ನೋಡುತ್ತಾರೆ. ಅವರು ಒಪ್ಪಿದರೆ ಇದೇ ಸಮೀಕ್ಷಾಳ ಪೂರ್ತಿ ಕೆಲಸ. ಒಪ್ಪದಿದ್ದರೆ ಕ್ಲಾಸಿಗೆ ಬೀಗ, ಅವಳು ಮತ್ತೆ ಟಿಕೆಟ್ ಕೌಂಟರಿಗೆ.

ಬೇರೆಯವರ ಪ್ರಯಾಣದ ತಾರೀಕು ಟೈಪಿಸುತ್ತ ಮುದುಕಿಯಾಗಲಾರೆ... ಅವಳ ಮನಸ್ಸು ಹಗಲೂ ರಾತ್ರಿ ಇದನ್ನೇ ಹೇಳುತ್ತಿತ್ತು.

ಅಭಿನವ ಪ್ರತಿ ಶುಕ್ರವಾರ ಬಂದ. ಅವನ ಚೆರಿ ಹೂವು ಬಟಾಟೆ ವಡೆಯ ಹಾಗಿತ್ತು. ಬೇಸಿಗೆಯ ಹೂಬಳ್ಳಿ ಕರೆಂಟಿನ ತಂತಿಯ ಹಾಗೆ ನೆಟ್ಟಗೆ ನಿಂತಿತು. ಆದರೆ ಒಂದು ದಿನವೂ ಅರ್ಧಕ್ಕೆ ಎದ್ದವನಲ್ಲ. ಎಲ್ಲರೂ ಹೋದ ಮೇಲೆ ಉಳಿದು ಬಟ್ಟಲು ತೊಳೆಯುತ್ತಿದ್ದ, ಬ್ರಶ್ಶುಗಳನ್ನು ಒರೆಸಿಡುತ್ತಿದ್ದ. ಆಮೇಲೆ ಕೆಳಗಿನ ಉಡುಪಿ ಹೋಟೆಲಿನಲ್ಲಿ ನೀರುದೋಸೆ ತಿನ್ನುತ್ತ, ಇದರಾಗ ಹಲ್ಲಿಗೆ ಕೆಲಸಾನ ಇಲ್ಲ ಎಂದು ಅವನು ದೂರುವುದು, ನಿಮ್ಮ ಜೋಳದ ರೊಟ್ಟಿಯಿಂದ ಮನೆ ಕಟ್ಟಬಹುದು ಎಂದು ಅವಳು ತಿರುಗಿಸಿ ಕೊಡುವುದು.

ಬರಬರುತ್ತ ಶುಕ್ರವಾರವೆಂದರೆ ಅವಳಿಗೆ ಮೆಟ್ಟಿಲ ಮೇಲೆ ಅವನ ಹೆಜ್ಜೆಯ ಸದ್ದು ಎಂದಾಯಿತು. ಅದು ಗೊತ್ತಾದ ದಿನ ಅವಳಿಗೆ ಖುಷಿಗಿಂತ ಹೆಚ್ಚು ಭಯವಾಯಿತು. ಇವನು ಹೊರಟು ನಿಂತವನು. ಹೊರಟವನಿಗೆ ಯಾರಾದರೂ ಮನಸ್ಸು ಕೊಡುತ್ತಾರೆಯೇ? ಬುದ್ಧಿ ಇಲ್ಲ ನಿನಗೆ ಎಂದು ತನ್ನನ್ನೇ ಬೈದುಕೊಂಡಳು. ಬೈದುಕೊಂಡರೆ ಮನಸ್ಸು ಕೇಳುತ್ತದೆಯೇ, ಹೇಳಿ.

ಸೆಪ್ಟೆಂಬರ್ ಕೊನೆಗೆ ಶರತ್ಕಾಲದ ಪಾಠ ಶುರುವಾಯಿತು. ಹೂವು ಸೇವಂತಿಗೆ. ಜಪಾನಿನಲ್ಲಿ ಇದಕ್ಕಿಂತ ಮರ್ಯಾದೆಯ ಹೂವು ಇನ್ನೊಂದಿಲ್ಲ, ರಾಜಮನೆತನದ ಲಾಂಛನವೇ ಇದು ಎಂದು ಅವಳು ಹೇಳಿದಳು. ಅಭಿನವ ಬ್ರಶ್ ಕೆಳಗಿಟ್ಟು, ನಮ್ಮ ಕಡೆ ದೊಡ್ಡವರಿಗೆ ಬಿಳೆ ಸೇವಂತಿಗಿ ಹಾರ ಹಾಕ್ತೀವಿ, ಅಲ್ಲಿಯವರಿಗೂ ಅದು ನಡೀತದೇನು ಎಂದು ಕೇಳಿದ.

ಸಮೀಕ್ಷಾಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಟೀಚರಮ್ಮ ಅಲ್ಲವೇ! "ಧಾರಾಳವಾಗಿ" ಎಂದುಬಿಟ್ಟಳು.

ಹಯಾಶಿ ಬಂದ ಶುಕ್ರವಾರ ಎಲ್ಲವೂ ಹೂವೆತ್ತಿದ ಹಾಗೆ ನಡೆಯುತ್ತಿತ್ತು. ಬಿಳಿಗೂದಲಿನ, ಮೆದು ಮಾತಿನ ಹೆಂಗಸು. ಪ್ರತಿಯೊಬ್ಬರ ಕಾಗದದ ಬಳಿ ಬಗ್ಗಿ ನೋಡಿದರು. ಅಭಿನವನ ಸೇವಂತಿಗೆಯನ್ನು ಕಂಡು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಬಾಗಿಲಲ್ಲಿ ನಿಂತ ಪುರಂದರಣ್ಣ ಸಮೀಕ್ಷಾಳ ಕಡೆ ಕಣ್ಣು ಮಿಟುಕಿಸಿದರು. ಗೆದ್ದೆ ಅಂದುಕೊಂಡಳು ಅವಳು.

ಆಗ ಅಭಿನವ ಎದ್ದು, ಮೂಲೆಯಲ್ಲಿ ಇಟ್ಟಿದ್ದ ಚೀಲ ತೆರೆದ.

ನಮ್ಮವರ ಸಂಘದ ಕಾರ್ಯಕ್ರಮ ನೋಡಿದವರಿಗೆ ಹೇಳಬೇಕಿಲ್ಲ. ಅತಿಥಿ ಅಂದ ಮೇಲೆ ಹಾರ, ಶಾಲು, ಹಣ್ಣಿನ ಬುಟ್ಟಿ ಇಲ್ಲದೆ ನಮ್ಮವರು ಬಿಟ್ಟದ್ದುಂಟೇ? ಬೆಳಿಗ್ಗೆಯೇ ಬರ್ ದುಬೈ ದೇವಸ್ಥಾನದ ಓಣಿಗೆ ಹೋಗಿ ಕಟ್ಟಿಸಿ ತಂದ ಬಿಳಿ ಸೇವಂತಿಗೆಯ ದಪ್ಪ ಹಾರ. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು, ಭಕ್ತಿಯಿಂದ ಹಯಾಶಿಯ ಕೊರಳಿಗೆ ಹಾಕಿ, ಶಾಲು ಹೊದಿಸಿ ಕೈ ಮುಗಿದ. ಕ್ಲಾಸು ಚಪ್ಪಾಳೆ ತಟ್ಟಿತು.

ಹಯಾಶಿಯ ಮುಖ ಬಿಳಿಚಿಕೊಂಡಿತು.

ಅವರು ನಿಧಾನವಾಗಿ ಹಾರ ತೆಗೆದು ಮೇಜಿನ ಮೇಲಿಟ್ಟರು. ಚಹಾ ಮುಟ್ಟಲಿಲ್ಲ. ಎಲ್ಲರಿಗೂ ಬಗ್ಗಿ ನಮಸ್ಕರಿಸಿ, ಕ್ಷಮಿಸಿ ಎಂದು ಹೇಳಿ, ಮೆಟ್ಟಿಲಿಳಿದು ಹೋದರು. ಪುರಂದರಣ್ಣ ಅವರ ಹಿಂದೆಯೇ ಓಡಿದರು.

ಸಮೀಕ್ಷಾ ಮೇಜಿನ ಮೇಲಿನ ಹಾರ ನೋಡಿದಳು. ತಪ್ಪಾದದ್ದು ಏನೆಂದು ಗೊತ್ತಿಲ್ಲ, ಆದರೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬುದು ಮಾತ್ರ ಗೊತ್ತಾಯಿತು. ಉಳಿದವರೆಲ್ಲ ಮೆಲ್ಲಗೆ ಜಾಗ ಖಾಲಿ ಮಾಡಿದ ಮೇಲೆ ಅವಳು ಅಭಿನವನ ಎದುರು ನಿಂತಳು.

"ಇದೆಲ್ಲ ಮಾಡ್ಲಿಕ್ಕೆ ನಿಮಗೆ ಯಾರು ಹೇಳಿದ್ದು? ಇದು ನಿಮಗೆ ಟೈಮ್‌ಪಾಸ್. ನಾಳೆ ಒಸಾಕಾಕ್ಕೆ ಹೋಗ್ತೀರಿ, ಮರೀತೀರಿ. ನನಗೆ ಇದ್ದದ್ದು ಇದೊಂದೇ ಅಲ್ವಾ?"

"ರೀ, ನಾ ನಿಮ್ಮನ್ನ ಕೇಳಿ..."

ಅಷ್ಟರಲ್ಲಿ ಅವಳ ಕಣ್ಣಲ್ಲಿ ನೀರು ಕಂಡಿತು. ಅವನು ಉಳಿದ ಮಾತನ್ನು ನುಂಗಿಕೊಂಡ.

"ಇನ್ನು ಕ್ಲಾಸಿಗೆ ಬರ್ಬೇಡಿ," ಎಂದಳು ಅವಳು.

ಅವನು ತಲೆಯಾಡಿಸಿದ. ತನ್ನ ಬಟ್ಟಲು ತೊಳೆದಿಟ್ಟು, ಹಾರವನ್ನು ಚೀಲದಲ್ಲಿ ಹಾಕಿಕೊಂಡು, ಹೊರಟುಹೋದ. ಅವನ ಹೆಜ್ಜೆ ಮೆಟ್ಟಿಲಿಳಿಯುವುದನ್ನು ಅವಳು ಕೊನೆಯವರೆಗೂ ಕೇಳಿಸಿಕೊಂಡಳು. ಸಿಟ್ಟು ಮಾಡಿದವಳಿಗೆ ಅಷ್ಟೊಂದು ನೋವು ಯಾಕಾಗಬೇಕಿತ್ತೋ!

ಮಧ್ಯಾಹ್ನ ಶರ್ಮಿಳಾ ಒತ್ತಾಯ ಮಾಡಿ ಬಡಿಸಿದ ಊಟ ತಟ್ಟೆಯಲ್ಲೇ ಆರುತ್ತಿದ್ದಾಗ ಪುರಂದರಣ್ಣನ ಫೋನು ಬಂತು. ದನಿ ಹಗುರವಾಗಿತ್ತು.

"ಅದು ಅವರ ಊರಲ್ಲಿ ಸತ್ತವರಿಗೆ ಇಡುವ ಹೂವಂತೆ ಮಾರಾಯ್ತಿ. ಬಿಳಿ ಸೇವಂತಿಗೆ. ಹೋದ ವರ್ಷ ಅವರ ಅಪ್ಪ ತೀರಿಕೊಂಡದ್ದು ಬೇರೆ."

ಸಮೀಕ್ಷಾ ತಟ್ಟೆಯನ್ನು ದೂರ ಸರಿಸಿದಳು. ಆದರೆ ಪುರಂದರಣ್ಣನಿಗೆ ಹೇಳಲು ಇನ್ನೂ ಇತ್ತು. ಆ ಗದಗದ ಹುಡುಗ ಡೇರಾದಲ್ಲಿ ಹಯಾಶಿ ಇಳಿದುಕೊಂಡಿರುವ ಹೋಟೆಲಿಗೇ ಹೋಗಿ ಕ್ಷಮೆ ಕೇಳಿದ್ದಾನೆ. ಟೀಚರ್ ಬಿಳಿ ಹೂವು ಬೇಡವೆಂದು ಮೊದಲೇ ಹೇಳಿದ್ದರು, ನಾನೇ ಕಿವಿಗೆ ಹಾಕಿಕೊಳ್ಳಲಿಲ್ಲ, ತಪ್ಪೆಲ್ಲ ನನ್ನದು ಎಂದಿದ್ದಾನೆ. ಹಯಾಶಿ ಸಮಾಧಾನವಾಗಿದ್ದಾರೆ. ಇವನು ಅವರನ್ನು ಏರ್‌ಪೋರ್ಟಿಗೆ ಬಿಡಲೆಂದು ಇನ್ನೂ ಅಲ್ಲೇ ಕೂತಿದ್ದಾನೆ.

"ನಿನ್ನ ಕ್ಲಾಸು ಉಳೀತು. ಇನ್ನು ನೀನು ಬಾಯಿ ಮುಚ್ಚಿಕೊಂಡು ಇರು. ಖಲಾಸ್."

ಫೋನು ಇಟ್ಟ ಮೇಲೆ ಅವನು ನುಂಗಿಕೊಂಡ ಮಾತು ಅವಳ ನೆನಪಿಗೆ ಬಂತು.

'ನಾ ನಿಮ್ಮನ್ನ ಕೇಳಿ...' ಹೌದು, ಕೇಳಿದ್ದ. ಕೇಳಿಯೇ ಮಾಡಿದ್ದ. ಧಾರಾಳವಾಗಿ ಎಂದವಳು ಯಾರು? ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

ಸುಮ್ಮನಿದ್ದರೆ ಕ್ಲಾಸು ಉಳಿಯುತ್ತದೆ. ಎಷ್ಟೋ ದಿನದ ಹಟ ಗೆಲ್ಲುತ್ತದೆ. ಅವಳು ಮಾಡಬೇಕಾದದ್ದು ಇಷ್ಟೇ, ಏನೂ ಮಾಡದಿರುವುದು. ಶರ್ಮಿಳಾ ಕೂಡ ಅದನ್ನೇ ಹೇಳಿದಳು. ಅವನೇ ಇಷ್ಟಪಟ್ಟು ಹೊತ್ತ ತಪ್ಪು, ನಿನಗೇನು ಕಷ್ಟ ಎಂದಳು.

ಸಮೀಕ್ಷಾ ಚಪ್ಪಲಿ ಮೆಟ್ಟಿಕೊಂಡಳು.

"ಅವನ ಹೆಸರು ಹಾಳು ಮಾಡಿ ಉಳಿಸುವ ಕ್ಲಾಸು ನನಗೆ ಬೇಡ. ಇದು ಹೋದ್ರೆ ಇನ್ನೊಂದು ಕಟ್ತೇನೆ," ಎಂದು ಹೇಳಿ, ಬೀದಿಗಿಳಿದು ಟ್ಯಾಕ್ಸಿಗೆ ಕೈ ತೋರಿಸಿದಳು.

ಹೋಟೆಲಿನ ಲಾಬಿಯಲ್ಲಿ ಹಯಾಶಿ ಮತ್ತು ಅಭಿನವ ಎದುರುಬದುರು ಕುಳಿತಿದ್ದರು. ಅವಳನ್ನು ಕಂಡು ಅವನು ಗಾಬರಿಯಿಂದ ಎದ್ದುನಿಂತ. ಬ್ಯಾಡ ಎನ್ನುವಂತೆ ತಲೆಯಾಡಿಸಿದ. ಅವಳು ಅವನ ಕಡೆ ತಿರುಗದೆ ನೇರವಾಗಿ ಹಯಾಶಿಯ ಮುಂದೆ ಹೋಗಿ ನಿಂತಳು. ಇಂಗ್ಲಿಷಿನಲ್ಲಿ, ನಿಲ್ಲಿಸದೆ, ಎಲ್ಲವನ್ನೂ ಹೇಳಿದಳು. ಇವರು ನನ್ನನ್ನು ಕೇಳಿದ್ದರು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆಪಟ್ಟು ಹೌದು ಅಂದೆ. ನಿಮಗೆ ಆದ ನೋವಿಗೆ ನಾನೇ ಕಾರಣ. ನಿಮ್ಮ ಊರನ್ನು ನಾನು ನೋಡಿಯೇ ಇಲ್ಲ.

"ಅಲ್ರಿ, ಅವರು ಹೇಳಿದ್ರು, ನಾನs ಮರತೆ," ಎಂದು ಅಭಿನವ ಗಡಿಬಿಡಿಯಲ್ಲಿ ಕನ್ನಡದಲ್ಲೇ ನಡುವೆ ಬಾಯಿ ಹಾಕಿದ.

"ನೀವು ಸುಮ್ನೆ ಕೂತ್ಕೊಳ್ಳಿ," ಎಂದಳು ಅವಳು, ತಿರುಗದೆಯೇ.

ಭಾಷೆ ಅರ್ಥವಾಗದಿದ್ದರೂ ಹಯಾಶಿಗೆ ಸಂಗತಿ ಅರ್ಥವಾಯಿತು. ಇಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನೋಡಿದರು. ನಿಮ್ಮಲ್ಲಿ ಆ ಹೂವು ಯಾತಕ್ಕೆ ಎಂದು ಕೇಳಿದರು. ದೇವರಿಗೆ, ಮುಡಿಗೆ, ಮನೆಗೆ ಬಂದ ದೊಡ್ಡವರಿಗೆ ಎಂದಳು ಸಮೀಕ್ಷಾ. ಆಮೇಲೆ ಹಯಾಶಿ ಹೇಳಿದ್ದು ಇಷ್ಟು: ಗೊತ್ತಿಲ್ಲದ್ದನ್ನು ಗೊತ್ತು ಎನ್ನುವವರ ಜೊತೆ ನಾನು ಕೆಲಸ ಮಾಡಲಾರೆ. ಗೊತ್ತಿಲ್ಲ ಎಂದು ಇಲ್ಲಿಯವರೆಗೆ ಬಂದು ಹೇಳಿದವಳ ಜೊತೆ ಮಾಡಬಲ್ಲೆ. ಕ್ಲಾಸು ನಡೆಯಲಿ. ಆದರೆ ವಸಂತದಲ್ಲಿ ನೀನೇ ನಮ್ಮಲ್ಲಿಗೆ ಬರಬೇಕು. ನಾಲ್ಕು ಜನರನ್ನು ಕೇಳಿ, ಕಣ್ಣಾರೆ ನೋಡಿ, ಆಮೇಲೆ ಕಲಿಸಬೇಕು.

ಸಮೀಕ್ಷಾ ತಲೆಯಾಡಿಸಿದಳು. ಮಾತಾಡಿದರೆ ಅತ್ತೇಬಿಡುತ್ತೇನೆಂದು ತುಟಿ ಕಚ್ಚಿಕೊಂಡಿದ್ದಳು.

ಹಯಾಶಿ ಎದ್ದು, ಚೀಲ ತರಲು ಕೋಣೆಗೆ ಹೊರಡುವ ಮುನ್ನ ಅಭಿನವನ ಕಡೆ ತಿರುಗಿದರು. ನೀವು ಒಸಾಕಾಕ್ಕೆ ಬರುವುದು ಯಾವಾಗ, ಆಗ ನಮ್ಮ ಮನೆಗೂ ಬನ್ನಿ ಎಂದರು.

ಅಭಿನವ ಕಾಲಿನ ಬೆರಳು ನೋಡಿಕೊಂಡ. ನಾನು ಬರುವುದಿಲ್ಲ, ಆ ತರಬೇತಿಯನ್ನು ಕಂಪನಿ ಜುಲೈಯಲ್ಲೇ ರದ್ದು ಮಾಡಿತು ಎಂದು ಮೆಲ್ಲಗೆ ಹೇಳಿದ.

ಹಯಾಶಿ ನಕ್ಕು ಲಿಫ್ಟಿನ ಕಡೆ ನಡೆದರು. ಸಮೀಕ್ಷಾ ನಿಂತಲ್ಲೇ ನಿಂತಳು. ಜುಲೈ? ಜುಲೈಯಿಂದ ಈಚೆಗೆ ಎಷ್ಟು ಶುಕ್ರವಾರ! ಆ ಸೆಕೆಯಲ್ಲಿ, ನೂರು ಕಿಲೋಮೀಟರಿಗೂ ದೂರದ ಖಲೀಫಾ ಸಿಟಿಯಿಂದ ಕರಾಮಕ್ಕೆ... ಬಟ್ಟಲು ತೊಳೆಯಲಿಕ್ಕೆ?

"ಹೋಗ್ಲಿಕ್ಕೇ ಇಲ್ಲದವರು ಕ್ಲಾಸಿಗೆ ಯಾಕೆ ಬರ್ತಿದ್ರಿ?"

"ಅಷ್ಟೂ ತಿಳೀಲಿಲ್ಲೇನ್ರಿ?"

ತಿಳಿದಿತ್ತು. ನಕ್ಕು, ತಲೆ ತಗ್ಗಿಸಿ, ಮಾತು ಮುಗಿಸಿಬಿಡಬಹುದಿತ್ತು. ಅವಳು ಹಾಗೆ ಮಾಡಲಿಲ್ಲ. ಅವನ ಮುಖವನ್ನೇ ನೋಡಿದಳು.

"ಅರ್ಧ ಗೊತ್ತಿದ್ದದ್ದನ್ನು ಪೂರ್ತಿ ಗೊತ್ತು ಅಂದ್ಕೊಂಡು ಇವತ್ತು ಸಾಕಷ್ಟು ಪೆಟ್ಟು ತಿಂದಿದ್ದೇನೆ. ಇದನ್ನು ನಾನು ಊಹೆ ಮಾಡುದಿಲ್ಲ. ನೀವೇ ಬಾಯಿ ಬಿಟ್ಟು ಹೇಳಿ."

ಲಾಬಿಯಲ್ಲಿ ಜನ ಬರುತ್ತ ಹೋಗುತ್ತ ಇದ್ದರು. ಅಭಿನವ ದನಿ ತಗ್ಗಿಸಲಿಲ್ಲ.

"ನಿಮ್ಮನ್ನ ನೋಡಾಕ ಬರತಿದ್ದೆ. ನಿಮ್ಮ ಮ್ಯಾಲೆ ನನಗ ಪ್ರೀತಿ ಅದ. ನಿಮ್ಮನ್ನs ಮದುವಿ ಆಗಬೇಕು ಅಂತ ಅದ. ನೀವು ಒಲ್ಲೆ ಅಂದ್ರೂ ಅದು ಹೋಗಂಗಿಲ್ಲ. ಇಷ್ಟs ರೀ, ಇನ್ನೇನೂ ಮುಚ್ಚಿಟ್ಟಿಲ್ಲ."

ಬೆಳಿಗ್ಗೆಯಿಂದ ತಡೆದಿದ್ದ ಕಣ್ಣೀರು ಈಗ ಹೇಳದೆ ಕೇಳದೆ ಇಳಿಯಿತು. ಅದನ್ನು ಒರೆಸಿಕೊಳ್ಳದೆಯೇ ಅವಳು ಅವನ ಕೈ ಹಿಡಿದುಕೊಂಡಳು.

"ಇನ್ನು ಬರ್ಬೇಡಿ ಅಂದದ್ದನ್ನು ವಾಪಸ್ ತಗೊಂಡೆ."

"ಮತ್ತs ನಿಮ್ಮ ಉತ್ತರ?"

"ಜಪಾನ್ ಬಗ್ಗೆ ನನಗೆ ಎಂತ ಗೊತ್ತಿಲ್ಲ ಅಭಿನವ್. ಕಲೀಬೇಕು," ಎಂದಳು ಅವಳು. "ಆದ್ರೆ ನೀವು ಅಂದ್ರೆ ನನಗೆ ಪ್ರಾಣ. ಇದೊಂದು ಮಾತ್ರ ನನಗೆ ಪೂರ್ತಿ ಗೊತ್ತುಂಟು."