ಫಿನಾಯಿಲ್ ಕುಡಿದ ಟ್ಯಾಂಕು

"ಜಯಾ, ಫಿನಾಯಿಲ್ ಡಬ್ಬ ಎಲ್ಲಿ?" ಹಿತ್ತಲಿನಿಂದ ಅಪ್ಪ ಕೂಗಿದರು.

ಜಯಮಾಲಾ ಹಿತ್ತಲ ಬಾಗಿಲಿಗೆ ಬಂದು ನಿಂತಳು. ಖಾಲಿ ಡಬ್ಬ ನಿನ್ನೆಯೇ ನುಗ್ಗೆ ಮರದ ಹಿಂದೆ ಸೇರಿತ್ತು. ಅಪ್ಪ ಸೆಪ್ಟಿಕ್ ಟ್ಯಾಂಕಿನ ಚಪ್ಪಡಿ ಸರಿಸಿ, ಮೂಗು ಮುಚ್ಚಿಕೊಂಡು ಒಳಗೆ ಇಣುಕುತ್ತಿದ್ದರು. ಹಿತ್ತಲೆಲ್ಲ ಗಬ್ಬು ನಾತ. ಅಮ್ಮ ಅಡುಗೆಮನೆಯ ಕಿಟಕಿ ಮುಚ್ಚಿಬಿಟ್ಟಿದ್ದರು.

ಇನ್ನೊಂದು ಗಂಟೆಗೆ ಹಳೇಬೀಡಿನಿಂದ ಅಜ್ಜಿ ಬರುವವರಿದ್ದರು. ಅರಸೀಕೆರೆಯ ಈ ಮನೆ ಕಟ್ಟಿಸಿ ಎರಡು ವರ್ಷವಾದರೂ ಅವರು ಇಲ್ಲಿ ಒಂದು ರಾತ್ರಿ ಉಳಿದವರಲ್ಲ. "ಹಿತ್ತಲಲ್ಲೇ ಕಕ್ಕಸು ಇಟ್ಕೊಂಡು ಹೆಂಗೆ ಉಣ್ತೀರೋ" ಎಂದು ಸಂಜೆಯ ಬಸ್ಸು ಹತ್ತಿಬಿಡುತ್ತಿದ್ದರು. ಈ ಸಲ ದಸರಾ ರಜೆ ಪೂರ್ತಿ ಇರುತ್ತೇನೆ, ವಾಸನೆ ಗೀಸನೆ ಇದ್ದರೆ ಮಾತ್ರ ಇಲ್ಲ ಎಂದು ಕಾಗದ ಬರೆಸಿದ್ದರು.

ಆ ಕಾಗದ ಬಂದಾಗಿನಿಂದ ಜಯಾ ಸ್ಕೂಲು ಬಿಟ್ಟೊಡನೆ ಓಡಿ ಬಂದು, ಯಾರಿಗೂ ಹೇಳದೆ ಕಕ್ಕಸಿಗೆ ಫಿನಾಯಿಲ್ ಸುರಿಯುತ್ತಿದ್ದಳು.

"ಎಷ್ಟು ಹಾಕಿದೆ?" ಮರದ ಹಿಂದಿನ ಖಾಲಿ ಡಬ್ಬ ಕಂಡು ಅಪ್ಪ ಕೇಳಿದರು.

"ಎರಡು ಡಬ್ಬ. ಕ್ಲೀನ್ ಆಗ್ಲಿ ಅಂತ."

ಅಪ್ಪ ಬೈಯಲಿಲ್ಲ. ಅವರು ಮನೆ ಕಟ್ಟಿಸುವ ಓವರ್‌ಸಿಯರ್. ಈ ಟ್ಯಾಂಕನ್ನೂ ತಾವೇ ನಿಂತು ಕಟ್ಟಿಸಿದ್ದರು.

"ಕ್ಲೀನ್ ಮಾಡೋರು ಒಳಗೇ ಇದ್ರು ಕಣೇ. ಕಣ್ಣಿಗೆ ಕಾಣದ ಸಣ್ಣ ಜೀವಗಳು. ಹೊಲಸೆಲ್ಲ ತಿಂದು ಕರಗಿಸ್ತಿದ್ವು. ಗಸಿ ತಳದಲ್ಲಿ ಕೂತು, ಮೇಲಿನ ನೀರು ಪಕ್ಕದಲ್ಲಿರೋ ಆ ಜಲ್ಲಿ ತುಂಬಿದ ಗುಂಡಿಗೆ ಹೋಗ್ತಿತ್ತು. ಅಲ್ಲಿ ಮಣ್ಣು ಅದನ್ನ ಇನ್ನೊಂದು ಸಲ ಸೋಸ್ತಿತ್ತು. ದೊಡ್ಡ ಸಿಟಿಗಳಲ್ಲಿ ಊರಿನ ಕೊಳಚೆಯನ್ನೆಲ್ಲ ಒಂದು ಕಡೆ ಸೇರಿಸಿ, ಇಂಥ ಜೀವಗಳ ಕೈಲೇ ಕೆಲಸ ಮಾಡಿಸ್ತಾರೆ."

"ಈಗ ಅವು ಎಲ್ಲಿ?"

"ನಿನ್ನ ಫಿನಾಯಿಲ್ ಕುಡಿದು ಸತ್ತವು. ಅದಕ್ಕೇ ಹೊಲಸು ಕರಗದೆ ಈ ನಾತ."

ಜಯಾಗೆ ಅಜ್ಜಿಯ ಸೋಸುಬಟ್ಟೆ ನೆನಪಾಯಿತು. ಹಳೇಬೀಡಿನ ಮನೆಯಲ್ಲಿ ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸದೆ ಯಾರೂ ಕುಡಿಯುವುದಿಲ್ಲ. ಸೋಸಿದ ಮೇಲೆ ಅಜ್ಜಿ ಬಟ್ಟೆಯನ್ನು ಮಗುಚಿ, ತಿಳಿ ನೀರು ಹೊಯ್ದು, ಆ ನೀರನ್ನು ಮೆಲ್ಲಗೆ ಬಾವಿಗೇ ಇಳಿಸುತ್ತಾರೆ. "ಕಾಣದ ಜೀವ ಕಣೇ, ಬಂದಲ್ಲಿಗೇ ಬಿಡಬೇಕು" ಎನ್ನುತ್ತಾರೆ. ಒಂದಲ್ಲ ಎರಡಲ್ಲ, ಒಂದು ಟ್ಯಾಂಕಿನ ತುಂಬ ಜೀವಗಳು. ಜಯಾಗೆ ಅಳು ತಡೆಯಲಾಗಲಿಲ್ಲ.

ಅಜ್ಜಿ ಬಂದರು. ಬ್ಯಾಗನ್ನು ಜಗಲಿಯ ಮೇಲಿಟ್ಟು ಮೂಗಿಗೆ ಸೆರಗು ಹಿಡಿದರು. ಒಳಗೆ ಕಾಲಿಡಲಿಲ್ಲ.

ಜಯಾ ಬಿಕ್ಕುತ್ತಲೇ ಎಲ್ಲ ಹೇಳಿದಳು. "ನೀವು ಇಲ್ಲೇ ಇರ್ಬೇಕು ಅಂತ ಹಾಕಿದೆ ಅಜ್ಜಿ. ಅವೆಲ್ಲ ಸತ್ತೋದ್ವು."

ಅಜ್ಜಿ ಹಿತ್ತಲಿನಿಂದ ಬಂದ ಮಗನ ಕಡೆ ತಿರುಗಿದರು. "ಅನಂತ, ಈಗೇನ್ ಮಾಡ್ತೀಯೋ?"

"ಪಕ್ಕದ ಷಡಕ್ಷರಪ್ಪನವರ ಟ್ಯಾಂಕು ಚೆನ್ನಾಗೈತೆ ಅವ್ವ. ಅದರಿಂದ ಎರಡು ಬಕೆಟ್ ಗಸಿ ತಂದು ಹಾಕಿದ್ರೆ ಮತ್ತೆ ಬೆಳೀತವೆ. ನಾತ ಹೋಗೋಕೆ ಒಂದು ಹದಿನೈದು ದಿನ ಬೇಕು."

ಹದಿನೈದು ದಿನ. ರಜೆಯೇ ಮುಗಿಯುತ್ತದೆ. ಜಯಾ ಅಜ್ಜಿಯ ಬ್ಯಾಗನ್ನೇ ನೋಡಿದಳು.

"ಮತ್ತೆ ನಿಂತಿದ್ದೀಯಲ್ಲೋ? ಹೋಗಿ ತಗೊಂಬಾ" ಎಂದರು ಅಜ್ಜಿ. "ಬಿಸಿಲಲ್ಲಿ ಇಡಬ್ಯಾಡ. ಆಮೇಲೆ ಇಬ್ರೂ ತಲೆಗೆ ಸ್ನಾನ ಮಾಡ್ರಿ."

ಷಡಕ್ಷರಪ್ಪನವರು ನಗುತ್ತಲೇ ತಮ್ಮ ಟ್ಯಾಂಕು ತೆರೆದುಕೊಟ್ಟರು. ಅಪ್ಪ ಎರಡು ಬಕೆಟ್ ಹೊತ್ತು ತಂದು ನಿಧಾನವಾಗಿ ತಮ್ಮ ಟ್ಯಾಂಕಿಗೆ ಸುರಿದರು. ಖಾಲಿ ಬಕೆಟ್ಟುಗಳನ್ನು ಚರಂಡಿಯ ಕಡೆ ತೊಳೆಯಲು ಹೊರಟರು.

"ಅಪ್ಪಾ, ಇರಿ."

ಜಯಾ ಒಂದು ಚೆಂಬು ನೀರು ತಂದು ಬಕೆಟ್ಟಿಗೆ ಹೊಯ್ದಳು. ತಳದಲ್ಲಿ ಅಂಟಿದ್ದ ಗಸಿ ಬಿಟ್ಟುಕೊಂಡಿತು. ಅಪ್ಪ ಬಕೆಟ್ಟನ್ನು ಆಡಿಸಿ ಟ್ಯಾಂಕಿಗೇ ಬಗ್ಗಿಸಿದರು. ಅವಳು ಇನ್ನೊಂದು ಬಕೆಟ್ಟಿಗೂ ಹೊಯ್ದಳು.

ಅಜ್ಜಿ ಮನೆಯ ಪಕ್ಕದಿಂದ ಸುತ್ತಿ ಬಂದು ಹಿತ್ತಲಲ್ಲಿ ನಿಂತಿದ್ದರು. ಮೂಗಿನ ಮೇಲೆ ಸೆರಗು ಇನ್ನೂ ಹಾಗೇ ಇತ್ತು. "ಅಂಚಲ್ಲಿ ಇನ್ನೂ ಐತೆ, ಇನ್ನೊಂದು ಸಲ ಹಾಕು" ಎಂದು ಹೇಳಿ, ಜಗಲಿಯಿಂದ ಬ್ಯಾಗು ಎತ್ತಿಕೊಂಡು ಮನೆಯೊಳಗೆ ಹೋದರು.

ಜಯಾ ಮತ್ತೊಂದು ಚೆಂಬು ನೀರು ತರಲು ಮುಂದಿನ ಅಂಗಳದ ಬಾವಿಯ ಕಡೆ ನಡೆದಳು.