ಅಂಗುಳದಲ್ಲೊಂದು ಕಿಟಕಿ

"ಇದನ್ನ ಮಾಡಿದವರು ನೀವೇನ್ರಿ?"

ಸ್ವಪ್ನಾ ತಲೆ ಎತ್ತಿದಳು. ಒಳಗೆ ಬಂದವನು ಕರವಸ್ತ್ರ ಬಿಡಿಸಿ ಅವಳ ಮೇಜಿನ ಮೇಲೆ ಒಂದು ಹಲ್ಲಿನ ಸೆಟ್ಟು ಇಟ್ಟ. ಮೇಲ್ದವಡೆಯದು. ಎಡಕ್ಕೊಂದಿಷ್ಟು ಹಲ್ಲು, ಬಲಕ್ಕೊಂದಿಷ್ಟು ಹಲ್ಲು, ಎರಡನ್ನೂ ಕೂಡಿಸಿ ಹಿಡಿಯಲು ಅಂಗುಳದ ಅಡ್ಡಕ್ಕೆ ಒಂದು ಅಗಲವಾದ ಲೋಹದ ಪಟ್ಟಿ.

ಅವಳದೇ ಕೆಲಸ. ಆ ಪಾಲಿಶ್ ನೋಡಿದರೇ ಗೊತ್ತಾಗುತ್ತಿತ್ತು.

"ಹೌದ್ರಿ" ಎಂದಳು.

ಅವನ ಹುಬ್ಬಿನ ಮೇಲೆಲ್ಲ ಗಿರಣಿಯ ಹಿಟ್ಟು. ಅವಳ ಮೊಣಕೈವರೆಗೂ ಪ್ಲಾಸ್ಟರ್ ಪುಡಿ. ಬೇರೆ ಯಾರಾದರೂ ನೋಡಿದ್ದರೆ ನಕ್ಕುಬಿಡುತ್ತಿದ್ದರು. ಇವರಿಬ್ಬರಿಗೆ ಮಾತ್ರ ನಗುವ ರೂಢಿ ತಪ್ಪಿ ಬಹಳ ದಿನವಾಗಿತ್ತು.

ಅವನ ಹೆಸರು ಸಿದ್ದಲಿಂಗ. ಹಳಿಯಾಳದ ಪೇಟೆಯಲ್ಲಿ ಅಣ್ಣ ಈಶಪ್ಪನ ಹಿಟ್ಟಿನ ಗಿರಣಿ. ಈಗ ಅಣ್ಣ ಇಲ್ಲ. ಕೋಗಿಲಬನದ ಹತ್ತಿರ ಟೆಂಪೋ ಪಲ್ಟಿಯಾಗಿ ಅಣ್ಣ ಹೋದ, ತಮ್ಮನ ಮೇಲ್ದವಡೆ ಮುರಿಯಿತು. ದವಡೆ ಕೂಡಿತು, ಹಲ್ಲು ಹೋದವು. ಅಂಗುಳಕ್ಕೆ ಜೋಮು ಹಿಡಿದದ್ದು ಬಿಡಲೇ ಇಲ್ಲ.

ಕೆಳಗಿನ ದವಾಖಾನೆಯ ಡಾಕ್ಟರ್ ನಸ್ರೀನ ಇವತ್ತು ಬಾಯಿ ನೋಡಿ ಗಾಬರಿಯಾಗಿದ್ದರಂತೆ. ಅಂಗುಳದ ನಡುವೆ ಹುಣ್ಣು, ರಕ್ತ. ಪಟ್ಟಿ ಒತ್ತಿ ಒತ್ತಿ ಆದದ್ದು. ಇಷ್ಟು ದಿನ ಹೇಗೆ ಸುಮ್ಮನಿದ್ದಿರಿ ಎಂದು ಬೈದು, ಸೆಟ್ಟನ್ನು ಮೇಲಿನ ಲ್ಯಾಬಿಗೆ ಕೊಟ್ಟು ಬರಲು ಕಳಿಸಿದ್ದರು.

ಜಗಳಕ್ಕೆ ಬಂದಿದ್ದಾನೆ ಎಂದುಕೊಂಡಳು ಸ್ವಪ್ನಾ. ಬರಲಿ. ಬೈಗುಳ ತನ್ನನ್ನು ಮುಟ್ಟಿ ಯಾವ ಕಾಲವಾಯಿತು...

ಆದರೆ ಅವನು ಬೈಯಲಿಲ್ಲ.

"ನನಗ ಅಲ್ಲಿ ಏನೂ ಗೊತ್ತಾಗಂಗಿಲ್ರಿ. ನೋವಾಗಿದ್ರ ಮೊದಲ ಬರ್ತಿದ್ದೆ. ತಪ್ಪು ನಂದ."

ಅಷ್ಟು ಹೇಳಿ ಇಳಿದು ಹೋದ.

ಸ್ವಪ್ನಾ ಎದ್ದು ಕಪಾಟಿನಿಂದ ಅವನ ಬಾಯಿಯ ಮೊದಲ ಪ್ಲಾಸ್ಟರ್ ಅಚ್ಚು ತೆಗೆದಳು. ಅಂಗುಳದ ನಟ್ಟನಡುವೆ ಹುಣಸೆ ಬೀಜದಷ್ಟು ಒಂದು ಎಲುಬಿನ ಗಂಟು. ಕೆಲವರಿಗೆ ಸಹಜವಾಗಿಯೇ ಇರುತ್ತದೆ. ಮೇಲಿನ ಚರ್ಮ ತೆಳು, ಅಲ್ಲಿ ಲೋಹ ತಾಗಲೇಬಾರದು.

ಪಟ್ಟಿ ಮಾಡಲು ಬಂದ ಎರಡನೇ ಅಚ್ಚಿನ ಮೇಲೂ ಆ ಗಂಟು ಇತ್ತು. ಇಲ್ಲಿ ಲೋಹವನ್ನು ತುಸು ಎತ್ತರಿಸು ಎಂದು ಡಾಕ್ಟರು ಅದರ ಸುತ್ತ ಪೆನ್ಸಿಲ್ಲಿನಿಂದ ಗೆರೆಯನ್ನೂ ಎಳೆದಿದ್ದರು.

ಬಾಯಿಯ ಅಳತೆ ತೆಗೆಯುವಾಗ ಗಾಳಿಗುಳ್ಳೆ ಉಳಿದರೆ ಅಚ್ಚಿನ ಮೇಲೆ ಇಂಥದೇ ಬೊಕ್ಕೆ ಏಳುತ್ತದೆ. ಅದನ್ನು ಚಾಕುವಿನಿಂದ ಕೆತ್ತಿ ಸಾಪು ಮಾಡುವುದು ದಿನದ ಕೆಲಸ. ಅವತ್ತು ಸ್ವಪ್ನಾ ಬೊಕ್ಕೆ ಎಂದುಕೊಂಡು ಗಂಟನ್ನೇ ಕೆತ್ತಿದ್ದಳು. ಗೆರೆಯೂ ಗಂಟಿನ ಜೊತೆ ಪುಡಿಯಾಯಿತು. ಉಫ್ ಎಂದು ಊದಿಬಿಟ್ಟಿದ್ದಳು.

ಅವತ್ತು ಅವಳ ಸೋಡಚೀಟಿಯ, ಅಂದರೆ ವಿಚ್ಛೇದನದ, ತೀರ್ಪು ಬಂದ ದಿನ. ಮುಂಡಗೋಡದಲ್ಲಿ ಗಂಡ ಇನ್ನೊಬ್ಬಳ ಜೊತೆ ಸಂಸಾರ ಹೂಡಿ ಆಗಲೇ ವರ್ಷ ಕಳೆದಿತ್ತು. ಕೋರ್ಟಿನಿಂದ ನೇರ ಲ್ಯಾಬಿಗೆ ಬಂದು, ಏನೂ ಆಗದವಳಂತೆ ಚಾಕು ಹಿಡಿದಿದ್ದಳು. ಅತ್ತಿರಲಿಲ್ಲ. ಆಮೇಲೂ ಅಳಲಿಲ್ಲ. ಎದೆಯೊಳಗೆ ಯಾರೋ ಪ್ಲಾಸ್ಟರ್ ಕಲಸಿ ಸುರಿದಂತೆ, ಎಲ್ಲವೂ ಗಟ್ಟಿಯಾಗಿ ಕೂತುಬಿಟ್ಟಿತ್ತು.

ಸೆಟ್ಟು ವಾಪಸು ಬಂದ ದಿನ ಸಂಜೆ ಡಾಕ್ಟರು ಮೇಲೆ ಬಂದು, ಬಹುಶಃ ನನ್ನ ಅಳತೆಯಲ್ಲೇ ತಪ್ಪಾಗಿದೆ, ಹುಣ್ಣು ಮಾಯಲಿ, ಹೊಸದಾಗಿ ತೆಗೆಯುತ್ತೇನೆ ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಸ್ವಪ್ನಾಳ ಕೈ ತಾನಾಗಿ ಚಾಕುವನ್ನು ಡ್ರಾವರಿನೊಳಗೆ ಸರಿಸಿತು.

ಹೇಳಬೇಕಿತ್ತು. ಹೇಳಲಿಲ್ಲ. ಬದುಕಿನಲ್ಲಿ ಅವಳಿಗೆ ಉಳಿದದ್ದು ಈ ಮೇಜು ಒಂದೇ. ಅದೂ ಹೋದರೆ?

ಅವಳ ತಪ್ಪನ್ನು ಇಬ್ಬರು ತಮ್ಮ ತಮ್ಮ ತಲೆ ಮೇಲೆ ಹೊತ್ತುಕೊಂಡರು. ಅವಳು ನೋಡುತ್ತ ಕೂತಳು.

ಹುಣ್ಣು ಮಾಯ್ದ ಮೇಲೆ ಹೊಸ ಅಚ್ಚು ಬಂತು. ಡಾಕ್ಟರು ಸಿದ್ದಲಿಂಗನನ್ನೂ ಮೇಲೆ ಕರೆತಂದು ಕೂರಿಸಿ, ಅಚ್ಚನ್ನು ಅವನ ಕೈಗೇ ಕೊಟ್ಟರು. ತನ್ನ ಬಾಯಿಯ ಒಳಗನ್ನು ಅವನು ಮೊದಲ ಸಲ ನೋಡುತ್ತಿದ್ದ.

"ಇದರ ಮ್ಯಾಲೆ ಕೂಡೋ ಲೋಹಕ್ಕ ನಾವು ಮೇಜರ್ ಕನೆಕ್ಟರ್ ಅಂತೀವಿ, ನಿಮಗ ಪಟ್ಟಿ ಅಂದ್ರ ಸಾಕು" ಎಂದರು ಡಾಕ್ಟರು. "ಎಡಕ್ಕ ರೊಟ್ಟಿ ಅಗದ್ರ ಆ ಭಾರ ಬಲಕ್ಕೂ ಹಂಚಬೇಕು. ಅದಕ್ಕ ಇದು ಬಾಗಬಾರದು. ಆದ್ರ ಎಲ್ಲೂ ಒತ್ತಲೂಬಾರದು."

ಈ ಸಲ ಒಂದೇ ಅಗಲ ಪಟ್ಟಿ ಬೇಡವೆಂದರು. ಮುಂದೊಂದು, ಹಿಂದೊಂದು ಪಟ್ಟಿ. ಬದಿಗಳಲ್ಲಿ ಎರಡೂ ಕೂಡಬೇಕು, ನಡುವೆ ಗಂಟಿನ ಸುತ್ತ ಖಾಲಿ ಕಿಟಕಿ. ಅಂಚುಗಳು ವಸಡಿನಿಂದ ದೂರ ಇರಬೇಕು. ಮುಂದಿನ ಪಟ್ಟಿ ಅಂಗುಳದ ಏರಿಳಿತಗಳ ಹಿಂದೆ ಕೂತರೆ ಮಾತಾಡುವಾಗ ನಾಲಿಗೆ ಎಡವುವುದಿಲ್ಲ.

ಆ ಗಂಟನ್ನು ತೆಗೆದೇ ಬಿಟ್ಟರೆ ಹೇಗೆ ಎಂದು ಕೇಳಿದ ಸಿದ್ದಲಿಂಗ. ತೆಗೆಯಬಹುದು, ಆದರೆ ಸುಮ್ಮನೆ ಇರುವುದನ್ನು ಯಾಕೆ ಕೆಣಕಬೇಕು, ಸುತ್ತುಹಾಕಿ ಹೋದರೆ ಆಯಿತು ಎಂದರು ಡಾಕ್ಟರು.

ಸ್ವಪ್ನಾ ಪೆನ್ಸಿಲ್ ಹಿಡಿದು ಗೆರೆ ಎಳೆದಳು. ಅದರ ಮೇಲೆ ಇನ್ನೊಮ್ಮೆ ಎಳೆದಳು.

ಆಮೇಲೆ ಅವನು ಆಗಾಗ ಬರತೊಡಗಿದ. ಸಂತೆಗೆ ಬಂದಾಗ, ಕರೆಂಟು ಹೋಗಿ ಗಿರಣಿ ನಿಂತಾಗ. ಒಮ್ಮೆ ಅಕ್ಕಿ ಹಿಟ್ಟು ತಂದಿಟ್ಟ. ಯಾಕೆ ಎಂದರೆ, ಇವತ್ತಷ್ಟೇ ಬೀಸಿದ್ದು ಎಂದ. ಅದೂ ಒಂದು ಉತ್ತರವೇ ಅನ್ನಿ!

ಚಹಾ ಬಂದರೆ ಕುದಿಯುವುದನ್ನೇ ಗಟಗಟ ಕುಡಿಯುತ್ತಿದ್ದ. ನೋಡಿದ ಅವಳಿಗೇ ಉರಿ.

"ಆರಲಿ ತಡೀರಿ" ಎನ್ನುತ್ತಿದ್ದಳು.

"ಆರಿದ್ದೂ ಅಷ್ಟ, ಬಿಸೀದೂ ಅಷ್ಟ ರೀ ನನಗ."

ಅವನ ಬಾಯಿಯ ಒಂದೊಂದು ಗೆರೆಯೂ ಅವಳಿಗೆ ಬಾಯಿಪಾಠ. ಮುಖವನ್ನು ಮಾತ್ರ ನೆಟ್ಟಗೆ ನೋಡಲು ಆಗುತ್ತಿರಲಿಲ್ಲ.

ಇನ್ನೊಂದು ಮಾತು ನಿಧಾನಕ್ಕೆ ತಿಳಿಯಿತು. ಹಳಿಯಾಳದ ಪೇಟೆಯಲ್ಲಿ ಅವಳ ಗಂಡನ ಸುದ್ದಿ ಆಡದ ಬಾಯಿಲ್ಲ. ಕಾಯಿಪಲ್ಲೆ ಕೊಳ್ಳಲು ಹೋದರೂ "ಮತ್ತ ಬಂದಿದ್ನೇನವ್ವಾ?" ಎಂದು ಕೇಳುವವರು. ಸಿದ್ದಲಿಂಗ ಮಾತ್ರ ಕೇಳಲೇ ಇಲ್ಲ. ಮಾತು ಅತ್ತ ಹೊರಳಿದರೂ ಮೆಲ್ಲಗೆ ಬೇರೆ ಕಡೆ ತಿರುಗಿಸುತ್ತಿದ್ದ.

'ಒತ್ತುವುದಿಲ್ಲ ಇವನು...' ಎಂದುಕೊಂಡಳು ಒಂದು ಮಧ್ಯಾಹ್ನ. ಅಂದುಕೊಂಡದ್ದಕ್ಕೆ ಹೆದರಿದಳು. ಏನೂ ಅನಿಸದೆ ಬದುಕುವುದು ಈಗೀಗ ರೂಢಿಯಾಗಿತ್ತು, ಸುಖವಾಗಿಯೂ ಇತ್ತು. ಇವನು ಬಂದು ಕೂತರೆ ಆ ಸುಖ ಕೆಡುತ್ತಿತ್ತು.

ಇಂಥವನೆದುರು ಸುಳ್ಳು ಬಚ್ಚಿಟ್ಟು ಕೂರುವುದು ಹೇಗೆ? ಹೇಳಿದರೆ ಕೆಲಸವೂ ಹೋದೀತು, ಇವನೂ ಹೋದಾನು. ಹೇಳದಿದ್ದರೆ ಅವನ ಒಂದೊಂದು ಒಳ್ಳೆ ಮಾತೂ ಕದ್ದ ಮಾಲು.

ಪಟ್ಟಿಯ ಮೇಣದ ಮಾದರಿಯನ್ನು ಲೋಹದಲ್ಲಿ ಎರಕ ಹೊಯ್ಯಲು ಹುಬ್ಬಳ್ಳಿಗೆ ಕಳಿಸುವ ದಿನ ಅವನು ಬಂದ. ಸ್ವಪ್ನಾ ಕಪಾಟಿನಿಂದ ಹಳೆಯ ಅಚ್ಚು ತೆಗೆದು ಅವನ ಮುಂದಿಟ್ಟಳು.

"ಈ ಗಂಟು ಮೊದಲಿನಿಂದ ಇತ್ತು. ಡಾಕ್ಟ್ರು ಗುರುತೂ ಮಾಡಿದ್ರು. ನಾನ ಕೆತ್ತಿ ತಗದೆ. ನೋಡದ ಕೆತ್ತಿದೆ. ನಿಮಗ ಹುಣ್ಣಾಗಿದ್ದು ನನ್ನಿಂದ. ಗೊತ್ತಾದಮ್ಯಾಗೂ ಹೇಳಲಿಲ್ಲ."

ಅವನ ಮುಖ ಬಿಗಿಯಿತು. ಎದ್ದ. ಮೆಟ್ಟಿಲಿಳಿದು ಹೋದ. ಚಹಾ ಹಾಗೇ ಉಳಿಯಿತು.

ನೀರಿಗಿಳಿದ ಮೇಲೆ ಚಳಿಯೇನು ಎಂದು ಅವಳೂ ಕೆಳಗಿಳಿದು ಡಾಕ್ಟರಿಗೆ ಹೇಳಿದಳು. ಅವರು ಕೈಗವಸು ತೆಗೆದಿಟ್ಟರು. ತಪ್ಪಿಗಿಂತ ಮುಚ್ಚಿಟ್ಟದ್ದಕ್ಕೇ ನನಗೆ ನೋವಾಯಿತು ಎಂದರು. ಇನ್ನು ಮುಂದೆ ಏನನ್ನು ಕೆತ್ತುವ ಮೊದಲೂ ನನಗೆ ತೋರಿಸಬೇಕು ಎಂದರು. ಕೆಲಸದಿಂದ ತೆಗೆಯಲಿಲ್ಲ.

ಮೇಜು ಉಳಿಯಿತು. ಆದರೆ ಯಾಕೋ ಅದು ಮೊದಲಿನಷ್ಟು ಸಾಲಲಿಲ್ಲ.

ಸಿದ್ದಲಿಂಗ ಬರಲಿಲ್ಲ. ಸಂತೆ ಬಂತು, ಹೋಯಿತು. ಕರೆಂಟು ಎಷ್ಟೋ ಸಲ ಹೋಯಿತು, ಗಿರಣಿ ನಿಂತಿರಬೇಕು. ಬರಲಿಲ್ಲ.

ಹುಬ್ಬಳ್ಳಿಯಿಂದ ಎರಕ ಬಂತು. ಅವಳು ಕೂತು ತಿಕ್ಕಿದಳು. ಅಂಚು ಎಲ್ಲಿಯೂ ಚುಚ್ಚಬಾರದೆಂದು ಬೆರಳಿನಿಂದ, ಆಮೇಲೆ ತನ್ನ ಕೆನ್ನೆಯಿಂದ ಮುಟ್ಟಿ ನೋಡಿದಳು. ತಣ್ಣಗಿತ್ತು. ಆಗ ಕಣ್ಣಿಂದ ಒಂದು ಹನಿ ಆ ಕಿಟಕಿಯೊಳಗೆ ಬಿತ್ತು. ಸ್ವಪ್ನಾ ಅದನ್ನೇ ನೋಡುತ್ತ ಕೂತಳು. ತನ್ನದೇ ಎಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

ಹಲ್ಲು ಕೂರಿಸಿ ಸೆಟ್ಟು ಮುಗಿದ ಮೇಲೆ ಡಾಕ್ಟರೇ ಫೋನು ಮಾಡಿ ಅವನನ್ನು ಕರೆಸಿದರು. ಕೆಳಗೆ ಅವನ ದನಿ ಕೇಳಿಸಿತು. ಸ್ವಪ್ನಾ ಎದ್ದು ಹೋಗಲಿಲ್ಲ. ಸರಿಯಾಗಿ ಕೂತಿದೆ, ಎಲ್ಲೂ ಒತ್ತುತ್ತಿಲ್ಲ ಎಂದು ಡಾಕ್ಟರು ಅನ್ನುವುದು ಕೇಳಿಸಿತು. ಸಾಕು, ಇನ್ನು ಅವನು ಮನೆಗೆ ಹೋಗುತ್ತಾನೆ ಎಂದುಕೊಂಡಳು.

ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ.

ಎರಡು ಕಪ್ಪು-ಬಸಿಗಳಲ್ಲಿ ಚಹಾ ಹಿಡಿದು ಒಳಗೆ ಬಂದ. ಒಂದನ್ನು ಅವಳ ಮುಂದಿಟ್ಟು, ಎದುರಿನ ಸ್ಟೂಲಿನ ಮೇಲೆ ಕೂತ.

"ಅವತ್ತು ನನಗ ಸಿಟ್ಟು ಬಂತ್ರಿ."

"ಬರಬೇಕಾದ್ದ" ಎಂದಳು ತಲೆ ತಗ್ಗಿಸಿ.

"ಹಂಗಲ್ಲ. ಅಣ್ಣ ಹೋದಮ್ಯಾಗ ನನಗ ಏನೂ ಬಂದಿರಲಿಲ್ಲ. ಅಳೂನೂ ಬಂದಿರಲಿಲ್ಲ. ಮೊದಲ ಸಲ ಬಂದಿದ್ದು ಆ ಸಿಟ್ಟು. ನಿಮ್ಮ ಮುಂದ ಇದ್ರ ಏನರ ಅಂದೇನಿ ಅಂತ ಎದ್ದು ಹೋದೆ. ಗಿರಣಿಗೆ ಹೋಗಿ ಕುಂತೆ. ಸಿಟ್ಟಿನ ಬೆನ್ನಿಗೇ ಅಣ್ಣ ನೆನಪಾದ. ಅತ್ತುಬಿಟ್ಟೆ. ಅಣ್ಣನ ಹೇಂತಿ, ನಮ್ಮ ವೈನಿ ಬಂದ್ಲು, ಅಕಿನೂ ಕುಂತು ಅತ್ಲು. ಮರುದಿನಾನೂ ಹಂಗ. ನಿಮ್ಮ ಕಡೆ ಬರಾಕ ಮಾರಿ ಇರಲಿಲ್ಲ."

ಸಿಟ್ಟು ಹೋಗಿದೆಯೇ ಎಂದು ಅವಳು ಕೇಳಲಿಲ್ಲ. ಅವನ ಮುಖ ನೋಡಿದಳು, ನೆಟ್ಟಗೆ. ಉತ್ತರ ಅಲ್ಲೇ ಇತ್ತು.

ಅವನು ಎಂದಿನಂತೆ ಚಹಾ ಎತ್ತಿ ಒಂದು ದೊಡ್ಡ ಗುಟುಕು ಎಳೆದ. ಎಳೆದವನು ತಟ್ಟನೆ ನಿಂತ. ಕಣ್ಣರಳಿಸಿದ. ಕಪ್ಪು ಕೆಳಗಿಟ್ಟು ಅಂಗುಳಕ್ಕೆ ನಾಲಿಗೆ ಒತ್ತಿದ.

"ಏನಾತ್ರಿ?"

"ಬಿಸಿ... ಬಿಸಿ ಐತಿ." ಇನ್ನೊಮ್ಮೆ ಒತ್ತಿ ನೋಡಿದ. "ಸ್ವಲ್ಪ ಅಷ್ಟ. ನಡುವ, ಆ ಕಿಟಕಿಯೊಳಗ. ಸುಡಾಕತ್ತೈತಿ ಸ್ವಪ್ನಾ."

ಹೆಸರು ಹಿಡಿದು ಕರೆದದ್ದು ಅವನಿಗೇ ತಿಳಿಯಲಿಲ್ಲ. ಅವಳಿಗೆ ತಿಳಿಯಿತು.

ಜೋಮು ಬಿಡುವಾಗ ಹೀಗೇ, ಮೊದಲು ಉರಿ. ಡಾಕ್ಟರು ಯಾವಾಗಲೋ ಹೇಳಿದ್ದರು. ಅದು ಅಂಗುಳಕ್ಕಷ್ಟೇ ಹೇಳಿದ್ದೇನೋ ಪಾಪ... ಅವಳ ಎದೆಯಲ್ಲೂ ಉರಿಯುತ್ತಿತ್ತು.

"ನಿಮ್ಮನ್ನ ಲಗ್ನ ಆಗಬೇಕಂದ್ರ ನಾ ಯಾರನ್ನ ಕೇಳಬೇಕ್ರಿ?" ಎಂದ ಅವನು, ಕಪ್ಪಿನ ಕಡೆ ನೋಡುತ್ತ.

"ನನ್ನ ಕೇಳ್ರಿ."

"ಕೇಳಿದೆ."

ಸ್ವಪ್ನಾ ಕೆನ್ನೆ ಒರೆಸಿಕೊಂಡಳು. ಪ್ಲಾಸ್ಟರ್ ಪುಡಿ ಒದ್ದೆಯಾಗಿ ಅಂಟಿತು.

"ನನ್ನೊಳಗೂ ಒಂದು ಗಂಟು ಐತ್ರಿ. ಅದು ಹೋಗತೇತೋ ಇಲ್ಲೋ ಗೊತ್ತಿಲ್ಲ. ಅದನ್ನ ಕೆತ್ತಾಕ ಬರಬ್ಯಾಡ್ರಿ."

"ಇರಲಿ ಬಿಡ್ರಿ" ಎಂದ ಸಿದ್ದಲಿಂಗ. "ನಾ ಸುತ್ತುಹಾಕಿ ಬರ್ತೇನಿ."

ಅವಳು ಅವನ ಕಪ್ಪನ್ನು ಎಳೆದುಕೊಂಡು, ಚಹಾವನ್ನು ಬಸಿಗೆ ಸುರಿದು ಊದತೊಡಗಿದಳು.

"ಆರಲಿ ತಡೀರಿ."

"ಬ್ಯಾಡ" ಎಂದು ಅವನು ಕೈ ಚಾಚಿದ. "ಬಿಸೀನ ಕೊಡು."